ಅವನು ಕೇಳಿಯೇ ತೆಗೆದಿದ್ದ

ಜಯಶೀಲ ಹೋದದ್ದು 2017ರ ನವೆಂಬರಿನಲ್ಲಿ, ಡೊಂಬಿವಲಿಯ ಮನೆಯಲ್ಲಿ, ಹೃದಯಾಘಾತದಿಂದ. ಅವನಿಗೆ ನಲವತ್ತಮೂರು. ಇಲ್ಲಿನ ನಮ್ಮ ಕನ್ನಡ ಸಂಘದ ಸಂಚಿಕೆಗೆ ಅವನ ಬಗ್ಗೆ ಒಂದೆರಡು ಪುಟ ಬರೆದುಕೊಡಿ ಎಂದು ಕೇಳಿದಾಗ ಅವನ ಒಳ್ಳೆಯ ಗುಣಗಳನ್ನು ಹೇಳಿ ಮುಗಿಸೋಣ ಎಂದುಕೊಂಡಿದ್ದೆ. ಕೈ ಓಡಲಿಲ್ಲ. ಕೊನೆಯ ಆರು ವರ್ಷ ಅವನು ಒಂದೇ ಒಂದು ವಾಕ್ಯಕ್ಕಾಗಿ ಕಾದಿದ್ದ. ತಾನು ಕೇಳದೆ ಆ ಕೆಲಸ ಮಾಡಲಿಲ್ಲ ಎಂದು ಯಾರಾದರೂ ಬರೆದುಕೊಡಬೇಕಿತ್ತು.

ನಾವಿಬ್ಬರೂ ರಬಾಳೆಯ ಒಂದು ಕಂಪನಿಯ ಕಂಟ್ರೋಲ್ ರೂಮಿನಲ್ಲಿದ್ದೆವು. ನಾನು ವಿಜಯಪುರದ ಕಡೆಯವನು, ಅವನು ಕಾಪುವಿನವನು. ಹಲವು ಊರುಗಳಲ್ಲಿ ಶಾಖೆಗಳಿರುವ ವ್ಯಾಪಾರಿಗಳಿಗೆ ಖಾಸಗಿ ಜಾಲ ಕಟ್ಟಿಕೊಟ್ಟು ನೋಡಿಕೊಳ್ಳುವುದು ನಮ್ಮ ಕೆಲಸ. ಎಲ್ಲ ಶಾಖೆಗಳ ಕಂಪ್ಯೂಟರುಗಳೂ ಒಂದೇ ಕಟ್ಟಡದಲ್ಲಿದ್ದಂತೆ ನಡೆಯಬೇಕು. ಜಯಶೀಲನನ್ನು ಅಲ್ಲಿ ಸೇರಿಸಿದವರು ನಮ್ಮ ಮ್ಯಾನೇಜರ್ ಮಧ್ವರಾಜರು. ಅವನ ಊರಿನವರೇ. ಇಬ್ಬರ ಮಾತೂ ಆಫೀಸಿನಲ್ಲಿ ಕೂಡ ತುಳುವಿನಲ್ಲೇ. ಅವರನ್ನು ಅವನು ಸರ್ ಎಂದು ಕರೆದದ್ದು ನಾನು ಕೇಳಿಲ್ಲ. ಅಣ್ಣ ಎಂದೇ ಕರೆಯುತ್ತಿದ್ದ.

ಕಲ್ಯಾಣದಲ್ಲಿ ನಮಗೊಬ್ಬ ಔಷಧಿ ವಿತರಕ ಗ್ರಾಹಕರಿದ್ದರು. ರಸ್ತೆಯ ಈಚೆ ಅವರ ಆಫೀಸು, ಆಚೆ ಗೋದಾಮು. ಎರಡಕ್ಕೂ ನಮ್ಮದೊಂದೊಂದು ಲೈನು, ನಡುವೆ ಅವರದೇ ಕೇಬಲ್. ಇಂಥ ಕಡೆ ಒಂದು ಅಪಾಯವಿದೆ. ಗೋದಾಮಿನ ಕಂಪ್ಯೂಟರುಗಳ ವಿಳಾಸ ಆಫೀಸಿನ ಮೂಲಕ ನಮ್ಮ ಜಾಲಕ್ಕೆ ಬಂದು, ತಿರುಗಿ ಕಲ್ಯಾಣಕ್ಕೇ ಹೋದರೆ, ಗೋದಾಮಿಗೆ ದಾರಿ ನಮ್ಮಲ್ಲಿದೆ ಎಂದು ಅವರ ರೂಟರ್ ನಂಬುತ್ತದೆ, ಅವರಲ್ಲಿದೆ ಎಂದು ನಮ್ಮದು ನಂಬುತ್ತದೆ. ಕಳಿಸಿದ್ದು ಯಾರಿಗೂ ಮುಟ್ಟದೆ ಸುತ್ತುತ್ತಲೇ ಇರುತ್ತದೆ. ಪ್ರತಿ ವಿಳಾಸದ ಜೊತೆ ಅದು ದಾಟಿ ಬಂದ ಜಾಲಗಳ ನಂಬರುಗಳೂ ಬರುತ್ತವೆ; ಅವುಗಳಲ್ಲಿ ತನ್ನದೇ ನಂಬರು ಕಂಡರೆ ರೂಟರ್ ಸಾಮಾನ್ಯವಾಗಿ ಅದನ್ನು ತಿರಸ್ಕರಿಸುತ್ತದೆ. ಆದರೆ ಈ ಗ್ರಾಹಕರ ಎಲ್ಲ ಶಾಖೆಗಳಿಗೂ ಒಂದೇ ನಂಬರು. ಹಾಗೇ ಬಿಟ್ಟರೆ ಒಂದು ಶಾಖೆ ಇನ್ನೊಂದನ್ನು ಒಪ್ಪುವುದಿಲ್ಲವೆಂದು ನಾವೇ ಆ ನಂಬರನ್ನು ಅಳಿಸಿ ನಮ್ಮದನ್ನು ಹಾಕುತ್ತಿದ್ದೆವು. ಅಲ್ಲಿಗೆ ರೂಟರಿಗಿದ್ದ ಕಾವಲು ಹೋಯಿತು. ಆದ್ದರಿಂದ ಕಲ್ಯಾಣದಲ್ಲಿ ಹುಟ್ಟಿದ ಪ್ರತಿ ವಿಳಾಸಕ್ಕೂ ನಾವೊಂದು ಗುರುತು ಹಚ್ಚಬೇಕು. ಆ ಗುರುತಿದ್ದದ್ದನ್ನು ಮತ್ತೆ ಕಲ್ಯಾಣಕ್ಕೆ ಕೊಡಕೂಡದು.

ಹೊಸಬನಾಗಿದ್ದ ನನಗೆ ಇದು ತಲೆಗೆ ಹತ್ತದಿದ್ದಾಗ ಜಯಶೀಲ ನಕ್ಕಿದ್ದ. "ಮದುವೆ ಕಾಗದ ಹಂಚಿದ ಮನೆಯವರಿಗೇ ಪುನಃ ಅದೇ ಕಾಗದ ಕೊಂಡುಹೋಗಿ ಕೊಡ್ತಾರಾ ಮಾರಾಯ? ಅಷ್ಟೇ ಉಂಟು ಇದರಲ್ಲಿ."

2011ರ ಜುಲೈನ ಒಂದು ಶನಿವಾರ ಕಲ್ಯಾಣದಲ್ಲಿ ರಸ್ತೆ ಅಗೆಯುವವರು ಗ್ರಾಹಕರ ಆ ಕೇಬಲನ್ನು ಕತ್ತರಿಸಿಬಿಟ್ಟರು. ಎರಡು ಕಟ್ಟಡಗಳ ಸಂಪರ್ಕ ತಪ್ಪಿತು. ನಮ್ಮ ಲೈನಿನ ಮೂಲಕ ಮಾತಾಡೋಣವೆಂದರೆ ಗುರುತು ಬಿಡುವುದಿಲ್ಲ, ಎರಡೂ ಕಲ್ಯಾಣವೇ. ಗ್ರಾಹಕರು ಮಧ್ಯಾಹ್ನದಿಂದ ಫೋನಿನಲ್ಲಿ ಕೂಗಾಡುತ್ತಿದ್ದರು. ಗುರುತು ತೆಗೆದರೆ ತಕ್ಷಣ ಸರಿಹೋಗುತ್ತಿತ್ತು, ಆದರೆ ಕೇಬಲ್ ಜೋಡಿಸಿದ ಗಳಿಗೆಯಿಂದ ಸುತ್ತು ಶುರುವಾಗಬಹುದಿತ್ತು. ಜಯಶೀಲ ಮಧ್ವರಾಜರಿಗೆ ಫೋನು ಮಾಡಿ ಅದನ್ನೇ ಹೇಳಿದ. ಪಕ್ಕದಲ್ಲಿ ನಾನಿದ್ದೆ, ಸ್ಪೀಕರ್ ಹಾಕಿತ್ತು. ಅವರು ಅಂದದ್ದು: "ದೆಪ್ಪುಲ ಮಾರಾಯ, ಯಾನ್ ಉಲ್ಲೆ." ತೆಗಿ, ನಾನಿದ್ದೇನೆ. ಇಬ್ಬರ ಮಾತು ಕೇಳಿ ಕೇಳಿ ಅಷ್ಟು ಮಾತ್ರದ ತುಳು ನನಗೆ ತಿಳಿಯುತ್ತಿತ್ತು.

ಲಿಖಿತ ಒಪ್ಪಿಗೆಗೆ ಫಾರ್ಮು ಇತ್ತು. ಅದು ಬರಲು ಮೂರು ದಿನ. ಹಾಗಾಗಿ ಅವಸರದ ಕೆಲಸಗಳನ್ನೆಲ್ಲ ನಾವು ಫೋನಿನಲ್ಲೇ ಕೇಳಿ ಮಾಡುತ್ತಿದ್ದೆವು. ಕಂಟ್ರೋಲ್ ರೂಮಿನ ಫೋನು ರೆಕಾರ್ಡ್ ಆಗುತ್ತದೆ, ಅದೇ ಸಾಕ್ಷಿ ಎಂಬ ಧೈರ್ಯ ಎಲ್ಲರಿಗೂ ಇತ್ತು. ಜಯಶೀಲ ಗುರುತು ತೆಗೆದ.

ನಾಲ್ಕು ಗಂಟೆಗೆ ಗ್ರಾಹಕರ ಜನ ನಮಗೆ ತಿಳಿಸದೆ ಕೇಬಲ್ ಜೋಡಿಸಿದರು. ಅವನು ಹೇಳಿದ್ದ ಸುತ್ತು ಶುರುವಾಯಿತು. ಎರಡೂ ಲೈನುಗಳು ತುಂಬಿಕೊಂಡು ಥಾಣೆಯಿಂದ ಪುಣೆಯವರೆಗೆ ಅವರ ಶಾಖೆಗಳ ಆರ್ಡರುಗಳು ನಿಂತುಹೋದವು. ಕೇಬಲ್ ಇನ್ನೂ ಕಡಿದೇ ಇದೆ ಎಂದುಕೊಂಡು ಬೇರೆಡೆಯೆಲ್ಲ ಹುಡುಕಿ, ಕೊನೆಗೆ ಗುರುತು ಮತ್ತೆ ಹಾಕುವಷ್ಟರಲ್ಲಿ ಐದು ತಾಸು ಕಳೆದಿತ್ತು. ಆ ಐದು ತಾಸೂ ಮಧ್ವರಾಜರ ಫೋನು ಸ್ವಿಚ್ ಆಫ್ ಆಗಿತ್ತು.

ವಿಚಾರಣೆಗೆ ಕೂತವರು ಇಬ್ಬರು, ಒಬ್ಬರು ಪುಣೆಯವರು, ಒಬ್ಬರು ದಿಲ್ಲಿಯವರು. ಜಯಶೀಲ ನಿಶ್ಚಿಂತೆಯಿಂದಲೇ ಬಂದಿದ್ದ. ರೆಕಾರ್ಡ್ ಕೇಳಿ ಎಂದ. ಹಾಕಿದರು. ಅವರಿಬ್ಬರಿಗೂ ಒಂದಕ್ಷರ ತಿಳಿಯಲಿಲ್ಲ. ಇದು ಯಾವ ಭಾಷೆ, ಏನು ಹೇಳುತ್ತಿದ್ದಾರೆ ಎಂದು ಕೇಳಿದ್ದು ಯಾರನ್ನು? ಪಕ್ಕದಲ್ಲಿ ಕೂತಿದ್ದ ಮಧ್ವರಾಜರನ್ನೇ.

ಅವರು ತಡವರಿಸಲಿಲ್ಲ. ಈಗ ತೆಗೆಯಬೇಡ, ನಾನು ಬಂದು ನೋಡುತ್ತೇನೆ, ಅಂತ ಹೇಳಿದ್ದೇನೆ ಎಂದು ಹಿಂದಿಯಲ್ಲಿ ತಿಳಿಸಿದರು.

ಸಾಕ್ಷಿಯಾಗಿ ಕೂತಿದ್ದ ನಾನು ಎದ್ದು ಅದು ಹಾಗಲ್ಲ ಎಂದೆ. ತುಳು ನಿಮ್ಮ ಭಾಷೆಯೇ ಎಂದು ಪುಣೆಯವರು ಕೇಳಿದರು. ಅಲ್ಲ ಎನ್ನಬೇಕಾಯಿತು. ಮಧ್ವರಾಜರು ನನ್ನತ್ತ ತಿರುಗಿ ನಗುತ್ತಲೇ, "ಬಿಜಾಪುರದವರಿಗೆ ತುಳು ಯಾವಾಗ ಬಂತು ಸಿದ್ರಾಮ?" ಎಂದರು.

ಜಯಶೀಲ ವಿಚಾರಣೆಯವರ ಕಡೆ ನೋಡಲೇ ಇಲ್ಲ. ಮಧ್ವರಾಜರನ್ನೇ ನೋಡುತ್ತ ಮೆಲ್ಲಗೆ, "ಈರೇ ಇಂಚ ಪನ್ಪರಾ ಅಣ್ಣಾ?" ಎಂದ. ನೀವೇ ಹೀಗೆ ಹೇಳುತ್ತೀರಾ ಎಂದು. ಅದಕ್ಕೆ ಯಾರೂ ಅನುವಾದ ಕೇಳಲಿಲ್ಲ.

ಅನುಮತಿಯಿಲ್ಲದೆ ಬದಲಾವಣೆ ಮಾಡಿದ್ದಾನೆ ಎಂದು ಬರೆದು ಅವನನ್ನು ಕೆಲಸದಿಂದ ತೆಗೆದರು. ಬೇರೆ ತುಳುವರಿಂದ ರೆಕಾರ್ಡ್ ಕೇಳಿಸಿ ಎಂದು ಅವನು ಮೂರು ಪತ್ರ ಬರೆದ. ನಾಲ್ಕು ತಿಂಗಳಾದ ಮೇಲೆ ಒಂದು ಉತ್ತರ ಬಂತು. ರೆಕಾರ್ಡುಗಳನ್ನು ತೊಂಬತ್ತು ದಿನ ಮಾತ್ರ ಇಡುತ್ತಾರಂತೆ.

ಕೆಲಸ ಕೇಳಿಕೊಂಡು ಹೋದ ಕಡೆಯಲ್ಲೆಲ್ಲ ‘ಅನುಮತಿಯಿಲ್ಲದೆ’ ಎಂಬ ಆ ಮಾತು ಅವನಿಗಿಂತ ಮೊದಲೇ ತಲುಪುತ್ತಿತ್ತು. ಕೊನೆಗೆ ಘಣಸೋಲಿಯ ವಸತಿ ಸೊಸೈಟಿಗಳಿಗೆ ಕ್ಯಾಮೆರಾ ಹಾಕಿಕೊಡುತ್ತ, ಶನಿವಾರ ಭಾನುವಾರ ಕಲ್ಯಾಣದ ಒಂದು ಕ್ಲಾಸಿನಲ್ಲಿ ಪಾಠ ಹೇಳುತ್ತ ಬದುಕಿದ. ಪಾಠ ಚೆನ್ನಾಗಿ ಹೇಳುತ್ತಿದ್ದನಂತೆ. ನನ್ನೊಡನೆ ಇರುವಾಗ ಮಾತ್ರ ಎಲ್ಲೋ ನೋಡುತ್ತ ಕೇಳುತ್ತಿದ್ದ, "ನಾನು ಕೇಳಿದ್ದೆ ಅಲ್ವಾ ಸಿದ್ರಾಮ? ನೀನು ಇದ್ದಿ ಅಲ್ವಾ?" ಹೌದಪ್ಪಾ, ಇದ್ದೆ ಎನ್ನುತ್ತಿದ್ದೆ. ಮುಂದಿನ ಸಲ ಮತ್ತೆ ಕೇಳುತ್ತಿದ್ದ.

ಬೊಜ್ಜದ ದಿನ ಮಧ್ವರಾಜರು ಬಂದರು. ಬೊಜ್ಜವೆಂದರೆ ಅವರಲ್ಲಿ ಉತ್ತರಕ್ರಿಯೆ. ಜಯಶೀಲನ ಹೆಂಡತಿ ರಮಾಮಣಿಯವರೊಡನೆ ತುಳುವಿನಲ್ಲಿ ಏನೋ ಸಮಾಧಾನ ಹೇಳತೊಡಗಿದರು. ರಮಾಮಣಿ ನನ್ನನ್ನು ಹತ್ತಿರ ಕರೆದು, ನನಗೂ ತಿಳಿಯಲೆಂದು ಕನ್ನಡದಲ್ಲೇ ಮಧ್ವರಾಜರನ್ನು ಕೇಳಿದರು.

"ಅಣ್ಣ, ಅವತ್ತು ಇವರು ನಿಮ್ಮನ್ನು ಕೇಳಿದ್ರಾ, ಇಲ್ವಾ?"

"ಮುಗಿದ ವಿಷಯ ಅದು. ಈಗ ಆ ಕಂಪನಿಯೇ ಇಲ್ಲ."

"ಕಂಪನಿ ಬೇಡ. ನನಗೆ ಹೇಳಿ."

ಅವರು ಚಪ್ಪಲಿ ಬಿಟ್ಟ ಕಡೆ ನೋಡಿದರು. "ಕೇಳಿದ್ದ," ಎಂದರು. "ನಾನೇ ತೆಗಿ ಅಂದದ್ದು. ನನ್ನ ಪ್ರಮೋಶನ್ ಇತ್ತು ಆಗ."

ಇಷ್ಟನ್ನೇ ಎರಡು ಸಾಲು ಬರೆದುಕೊಡಿ ಎಂದು ನಾನು ಕೇಳಿದೆ. "ಬರೆದು ಇನ್ನು ಯಾರಿಗೆ ತೋರಿಸ್ತೀರಿ? ಅವನೇ ಇಲ್ಲ," ಎಂದು ಹೊರಟುಹೋದರು.

ಮಧ್ವರಾಜರು ಈ ಸಂಘದ ಆಜೀವ ಸದಸ್ಯರು. ಈ ಸಂಚಿಕೆ ಅವರ ಮನೆಗೂ ಹೋಗುತ್ತದೆ. ಅವರ ಹೆಸರು ಹಾಕಲೋ ಬೇಡವೋ ಎಂದು ರಮಾಮಣಿಯವರನ್ನು ಕೇಳಿದೆ. ಅವರು ಯೋಚನೆಯನ್ನೇನೂ ಮಾಡಲಿಲ್ಲ.

"ಅವತ್ತು ಇವರ ಹೆಸರು ಹಾಕುವಾಗ ಅವರು ಯಾರನ್ನಾದ್ರೂ ಕೇಳಿದ್ರಾ?" ಎಂದರು.