ಹವಾಲ್ದಾರರ ನೆಲ

ಮರಿಯಪ್ಪನವರನ್ನು ಮೊದಲು ನೋಡಿದಾಗ ನಾನು ಹಾಕಿದ ಅಂದಾಜು ಇಷ್ಟು: ವಯಸ್ಸು ಎಪ್ಪತ್ತರ ಮೇಲೆ, ಬೆನ್ನು ನೆಟ್ಟಗೆ, ಬೂಟಿಗೆ ಕನಿಷ್ಠ ಮೂರು ಸಲ ಅಟ್ಟೆ ಬದಲಾಗಿದೆ, ಕಿಸೆಯಲ್ಲಿ ಅಳತೆಪಟ್ಟಿ. ಕೊಳ್ಳುವ ಗಿರಾಕಿಯಲ್ಲ, ಕೊಳ್ಳುವವರ ಮನಸ್ಸು ಕೆಡಿಸುವವರು. ಅಂದಾಜು ತಪ್ಪಲಿಲ್ಲ.

ನನ್ನದು ರಾಜಧಾನಿಯ ಪೀತಂಪುರಾದಲ್ಲಿ ಗ್ರಾನೈಟ್ ಅಂಗಡಿ, ಊರು ಇಳಕಲ್. ಗ್ರೇಟರ್ ನೋಯ್ಡಾ ದಾಟಿ ಕಬ್ಬಿನ ಗದ್ದೆಗಳ ನಡುವೆ ಇರುವ ಹಳ್ಳಿಯೊಂದರ ಕಲ್ಲಿನ ಚರ್ಚಿಗೆ ಹೊಸ ನೆಲ ಹಾಕಿಸಬೇಕೆಂದು ಅಲ್ಲಿನ ಸಮಿತಿಯವರು ಕರೆದಿದ್ದರು. ಕಟ್ಟಡಕ್ಕೆ ನೂರೆಂಬತ್ತು ವರ್ಷವಾಗಿತ್ತು. ನೆಲಕ್ಕಿದ್ದದ್ದು ಸವೆದ ಕೆಂಪು ಮರಳುಗಲ್ಲು. ಹಬ್ಬಕ್ಕೆ ಬಿಷಪ್ ಬರುವವರಿದ್ದರು, ನೆಲ ಹೊಳೆಯಬೇಕಿತ್ತು.

ಗೇಟಿನಲ್ಲಿ ನನ್ನ ಹಿಂದಿ ಕೇಳಿದ್ದೇ ಮರಿಯಪ್ಪ, ಯಾವೂರು ಶೆಟ್ಟರೇ, ಎಂದು ಕನ್ನಡದಲ್ಲೇ ವಿಚಾರಿಸಿದರು. ಅವರು ಕನಕಪುರದ ಕಡೆಯ ಕ್ರೈಸ್ತರು. ಸೈನ್ಯದ ಸ್ಯಾಪರ್ ದಳದಲ್ಲಿ ಸೇತುವೆ ಕಟ್ಟಿ ಹವಾಲ್ದಾರರಾಗಿ ನಿವೃತ್ತರಾದವರು. ಈಗ ನೋಯ್ಡಾ ಕಡೆ ಮಗಳ ಫ್ಲ್ಯಾಟಿನಲ್ಲಿ ವಾಸ. ಪ್ರತಿ ಶನಿವಾರ ಸ್ಕೂಟರಿನಲ್ಲಿ ಬಂದು ಈ ಚರ್ಚಿನ ಗೋಡೆಗಳ ಸಂದುಗಳಿಗೆ ಸುಣ್ಣದ ಗಾರೆ ತುಂಬುತ್ತಾರೆ. ಸಿಮೆಂಟನ್ನು ಒಳಗೆ ಬಿಡುವುದಿಲ್ಲ. ಯಾರೂ ಒಪ್ಪಿಸಿದ ಕೆಲಸವಲ್ಲ.

ಒಳಗೆ ನಾನು ಕಲ್ಲಿನ ತುಂಡು ಇಟ್ಟು, ಬಾಟಲಿಯಿಂದ ನೀರು ಹಾಕಿದೆ. ನೀರು ಬಿದ್ದ ಗ್ರಾನೈಟ್ ಎರಡರಷ್ಟು ಹೊಳೆಯುತ್ತದೆ. ನಮ್ಮ ಬೀದಿಯಲ್ಲಿ ಎಲ್ಲರೂ ಮಾಡುವುದು ಇದನ್ನೇ. ಮರಿಯಪ್ಪ ಬಾಟಲಿ ಕೇಳಿ ಪಡೆದು ಹಳೆಯ ನೆಲದ ಮೇಲೂ ಅಷ್ಟೇ ಸುರಿದರು. ಮರಳುಗಲ್ಲು ಎರಡೇ ನಿಮಿಷದಲ್ಲಿ ಕುಡಿದು ಮುಗಿಸಿತು. ಗ್ರಾನೈಟಿನ ಮೇಲೆ ನೀರು ನಿಂತೇ ಇತ್ತು. ಸಮಿತಿಯವರಿಗೆ ಅದರಲ್ಲಿ ಕಂಡದ್ದು ತಮ್ಮ ಮುಖ. ಫಾದರ್ ಕೂಡ ಬಗ್ಗಿ ನೋಡಿ ಮೆಚ್ಚಿದರು.

ಈ ನೆಲ ಮುಚ್ಚಬೇಡಿ ಎಂದು ಮರಿಯಪ್ಪ ವರ್ಷದಿಂದ ಹೇಳುತ್ತಿದ್ದರಂತೆ. ಸಿಪಾಯಿಗೆ ಸೇತುವೆ ಗೊತ್ತು, ಫ್ಲೋರಿಂಗ್ ಏನು ಗೊತ್ತು ಎಂದು ಸಮಿತಿ ನಕ್ಕಿತ್ತು. ಕಲ್ಲು ಮಾರುವವನೇ ಬೇಡವೆಂದರೆ ನಂಬುತ್ತಿದ್ದರು. ಅದು ಮರಿಯಪ್ಪನವರಿಗೂ ಗೊತ್ತಿತ್ತು, ನನಗೂ.

ಅವರು ನನ್ನ ಕಡೆ ತಿರುಗಿ, ಉಳಿದವರಿಗೆ ತಿಳಿಯದಂತೆ ಕನ್ನಡದಲ್ಲಿ ಕೇಳಿದರು.

"ಶೆಟ್ಟರೇ, ನೀವು ಕಲ್ಲು ಬಲ್ಲವರು. ಮೇಲೆ ಮುಚ್ಚಿಬಿಟ್ರೆ ನೆಲದ ತೇವ ಎಲ್ಲಿಗೆ ಹೋಗುತ್ತೆ?"

"ಗೋಡೆಗೆ."

"ಅಚ್ಛಾ. ಅದನ್ನೇ ಫಾದರ್‌ಗೆ ಹಿಂದಿಯಲ್ಲಿ ಹೇಳಿಬಿಡಿ."

ಏನು ಕೇಳುತ್ತಿದ್ದಾರೆ ಎಂದು ಫಾದರ್ ಹಿಂದಿಯಲ್ಲಿ ವಿಚಾರಿಸಿದರು. ಊರಿನ ವಿಷಯ ಎಂದೆ. ಬಾರದ ಫೋನ್ ಕರೆಯೊಂದನ್ನು ಕಿವಿಗೆ ಹಿಡಿದು ಹೊರಗೆ ಬಂದೆ. ಆರ್ಡರ್ ಖಾಯಂ ಆಯಿತು. ತುಂಡನ್ನು ಕಾರಿನ ತನಕ ಹೊತ್ತು ತಂದವರು ಮರಿಯಪ್ಪನವರೇ. "ಫೋನಿನಲ್ಲಿ ಇದ್ದವರು ಬಹಳ ಕಡಿಮೆ ಮಾತಿನವರು" ಎಂದರು, ಅಷ್ಟೇ.

ಎರಡು ಮಳೆಗಾಲ ಕಳೆದ ಮೇಲೆ ಆ ಕಡೆ ಇನ್ನೊಂದು ಕೆಲಸವಿತ್ತು, ಹೋಗಿ ನೋಡಿದೆ. ನೆಲ ಕನ್ನಡಿಯಂತಿದೆ. ಗೋಡೆಯಲ್ಲಿ ಸೊಂಟದ ಎತ್ತರಕ್ಕೆ ಬಿಳಿ ಉಪ್ಪು ಎದ್ದು, ಕಲ್ಲು ಹಪ್ಪಳದಂತೆ ಪದರಪದರವಾಗಿ ಉದುರುತ್ತಿದೆ. ಸಂದುಗಳಿಗೆ ತುಂಬಿದ ಸುಣ್ಣ ಖರಾಬಿತ್ತು ಎಂದು ಸಮಿತಿಯವರು ಹವಾಲ್ದಾರರನ್ನೇ ದೂರುತ್ತಾರೆ. ಶನಿವಾರವಾಗಿತ್ತು. ಮರಿಯಪ್ಪ ಸ್ಟೂಲಿನ ಮೇಲೆ ಕೂತು ಉಪ್ಪು ಕೆರೆಯುತ್ತಿದ್ದರು. ನನ್ನನ್ನು ನೋಡಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟು, ಇಳಕಲ್‌ನಲ್ಲಿ ಮಳೆ ಹೇಗೆ ಎಂದು ಕೇಳಿದರು. ಚಹಾ ಕುಡಿದೆ, ಮಳೆಯ ಬಗ್ಗೆ ಹೇಳಿದೆ. ಫಾದರ್ ಅಲ್ಲೇ ಹತ್ತು ಹೆಜ್ಜೆ ದೂರದಲ್ಲಿದ್ದರು.

ಹಿಂದಿಯಲ್ಲಿ ಒಂದು ವಾಕ್ಯ. ಮರಿಯಪ್ಪನವರಿಗೆ ನಾನು ಕೊಡಬೇಕಾದದ್ದು ಅದು, ಇನ್ನೂ ಕೊಟ್ಟಿಲ್ಲ.