ಚಿಕ್ಕಮಾವನ ಕುದುರೆ ದಂಡು

ನನ್ನ ಚಿಕ್ಕಮಾವ, ಅಂದರೆ ಗಂಡನ ಚಿಕ್ಕಪ್ಪ, ಆಯುಷ್ಯವೆಲ್ಲ ಲಾರಿ ಓಡಿಸಿದವರು. ಮದುವೆಯಾಗಿರಲಿಲ್ಲ, ಕೇಳಿದರೆ, "ಕ್ಲೀನರ್‌ನ ಸಾಕೋದೇ ಕಷ್ಟ, ಹೆಂಡ್ತೀನ ಎಲ್ಲಿ ಕೂರಿಸ್ಲಿ?" ಅನ್ನುತ್ತಿದ್ದರು. ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ನಮ್ಮ ಮನೆಯ ಮುಂದಿನ ಕೋಣೆಗೆ ಬಂದರು. ವ್ಯಾಯಾಮ ಮಾಡಿಸುವ ಹೆಂಗಸು ರಬ್ಬರ್ ಚೆಂಡು ಕೊಟ್ಟರೆ ಅದನ್ನು ಮಂಚದ ಕೆಳಗೆ ಉರುಳಿಸಿ, "ನಾನೇನು ಮಗುವಾ?" ಎಂದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು.

ನನ್ನ ಗಂಡನದು ಕಂಪ್ಯೂಟರ್ ಆಟ ತಯಾರಿಸುವ ಕಚೇರಿಯಲ್ಲಿ ತಪ್ಪು ಹುಡುಕುವ ಕೆಲಸ. ಮೊಸರಲ್ಲಿ ಕಲ್ಲು ಹುಡುಕಿದರೂ ಸಂಬಳ ಕೊಡುತ್ತಾರೆಂದು ನನಗೆ ಗೊತ್ತಾಗಿದ್ದು ಮದುವೆಯಾದ ಮೇಲೆ. ಅವರ ಕಚೇರಿಯ ಒಂದು ಆಟ ಹಳೇ ಕಾಲದ ಯುದ್ಧಗಳದ್ದು. ಅದನ್ನೇ ಗಂಡ ಚಿಕ್ಕಪ್ಪನ ಮುಂದೆ ತೆರೆದು, ಅವರ ಬಲಗೈಯನ್ನು ಎತ್ತಿ ಮೌಸಿನ ಮೇಲಿಟ್ಟರು.

ಚಿಕ್ಕಮಾವನಿಗೆ ಹಿಡಿಸಿದ್ದು ಆ ಆಟದೊಳಗಿನ ಗಿಡ್ಡ ಬಂದೂಕಿನ ಕುದುರೆ ಸವಾರರ ದಂಡು. ಅವರ ಗುಂಡು ದೂರ ಹೋಗದು. ಶತ್ರುವಿನ ಮೂಗಿನ ಕೆಳಗೇ ಹೋಗಿ ಹಾರಿಸಬೇಕು, ಬೇಕಾದರೆ ಕುದುರೆಯಿಂದಿಳಿದು ಕಾಲಾಳುಗಳಂತೆ ಕಾದಾಡಬೇಕು. ಇಂಟರ್ನೆಟ್ಟಿನಲ್ಲಿ ಆಡುವ ಬೇರೆ ಆಟಗಾರರು ಆ ದಂಡನ್ನು ಮೂಸಿಯೂ ನೋಡುತ್ತಿರಲಿಲ್ಲ. ಚಿಕ್ಕಮಾವ ಮಾತ್ರ ಅದನ್ನು ಲಾರಿಯಂತೆ ತಿರುಗಿಸುತ್ತಿದ್ದರು: ಹತ್ತಿರ ಹೋಗು, ಹಾರಿಸು, ಸುತ್ತು ಹೊಡೆದು ಮತ್ತೆ ಬಾ. "ಬ್ರೇಕ್ ಮುಟ್ಬೇಡ್ರೋ, ಮುಟ್ಟಿದ್ರೆ ಕೆಟ್ರಿ" ಎಂದು ಸವಾರರಿಗೆ ಬುದ್ಧಿ ಹೇಳುತ್ತಿದ್ದರು. ಎಲ್ಲೆಲ್ಲಿಯ ಆಟಗಾರರನ್ನೋ ಸೋಲಿಸಿದರು. ಬರಬರುತ್ತ ಮಡಚಿದ ಬೆರಳುಗಳು ಬಿಚ್ಚಿಕೊಂಡವು. ಒಂದು ಸಂಜೆ ಕಾಫಿ ಲೋಟವನ್ನು ಬಲಗೈಯಲ್ಲೇ ಎತ್ತಿ, ಅರ್ಧ ನೆಲಕ್ಕೆ ಚೆಲ್ಲಿ, "ಉಳಿದರ್ಧ ಕುಡಿದ್ನಲ್ಲಮ್ಮ" ಎಂದರು. ನೆಲ ಒರೆಸುತ್ತ ನನಗೆ ಸಂತೋಷಕ್ಕೆ ಅಳು ಬಂತು.

ಮನೆಗೆ ಬಂದವರೆಲ್ಲ ಮೊದಲಿನಿಂದಲೂ "ಕೈ ಎಷ್ಟು ಸುಧಾರಿಸಿದೆ" ಎಂದು ಬೆಣ್ಣೆ ಹಚ್ಚುವವರೇ. ಚಿಕ್ಕಮಾವ ನಂಬುತ್ತಿದ್ದುದು ನನ್ನ ಗಂಡನ ಮಾತೊಂದನ್ನೇ. ಸುಧಾರಿಸದಿದ್ದರೆ ಇಲ್ಲ ಎಂದೇ ಹೇಳುವ ಒರಟು ಸ್ವಭಾವ ಅವರದು.

ಒಂದು ದಿನ ಚಿಕ್ಕಮಾವನ ಹಿಂದೆ ನಿಂತು ಆಟ ನೋಡುತ್ತಿದ್ದ ಗಂಡ ಹುಬ್ಬು ಗಂಟಿಕ್ಕಿದರು. ಬಂದೂಕಿಗೆ ಮತ್ತೆ ಮದ್ದು ತುಂಬಲು ಆ ಸವಾರರು ಕುದುರೆ ನಿಲ್ಲಿಸಬೇಕಿತ್ತು, ಆದರೆ ಓಡುತ್ತಲೇ ತುಂಬುತ್ತಿದ್ದರು. ಆಟ ಕಟ್ಟಿದವರ ತಪ್ಪು ಅದು. ಆ ದಂಡನ್ನು ಯಾರೂ ಆಡದ ಕಾರಣ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಗಂಡ ಮರುದಿನವೇ ಕಚೇರಿಯಲ್ಲಿ ಹೇಳಿ ಬೆನ್ನು ತಟ್ಟಿಸಿಕೊಂಡು ಬಂದರು. ಮನೆಯಲ್ಲಿ ಮಾತೆತ್ತಲಿಲ್ಲ. ಇದರಿಂದ ಏನಾದೀತೆಂದು ಅಷ್ಟು ಬುದ್ಧಿವಂತರಿಗೆ ಹೊಳೆಯಬಾರದೇ? ನನಗೆ ಇವತ್ತಿಗೂ ಸಿಟ್ಟು.

ತಪ್ಪು ತಿದ್ದಿದ ಮೇಲೆ ಚಿಕ್ಕಮಾವನ ಸವಾರರು ಶತ್ರುವಿನೆದುರೇ ನಿಂತು ಮದ್ದು ತುಂಬತೊಡಗಿದರು, ತುಂಬುವಷ್ಟರಲ್ಲಿ ಸಾಯುತ್ತಿದ್ದರು. ಚಿಕ್ಕಮಾವ ಮೌಸನ್ನು ಒತ್ತಿ ಒತ್ತಿ ನೋಡಿದರು. ಸೋತರು, ಮತ್ತೆ ಸೋತರು. "ಬೆರಳು ಹೇಳಿದ್ ಮಾತು ಕೇಳ್ತಿಲ್ಲಮ್ಮ" ಎಂದು ನನ್ನೊಬ್ಬಳಿಗೆ ಹೇಳಿ, ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡರು.

ಗಂಡನಿಗೆ ಹೇಳಿದೆ. ಅವರು ಆಗಲೇ ಹೋಗಿ ಮಂಚದ ತುದಿಯಲ್ಲಿ ಕೂತರು.

"ಚಿಕ್ಕಪ್ಪ, ನಿಮ್ಮ ಕೈ ಕೆಟ್ಟಿಲ್ಲ. ಆಟಾನೇ ಬದಲಾಯ್ಸಿದಾರೆ. ಅದಕ್ಕೆ ನಾನೇ ಕಾರಣ."

ಚಿಕ್ಕಮಾವ ಅವರನ್ನೇ ದಿಟ್ಟಿಸಿದರು.

"ಹಳೇದನ್ನೇ ಹಾಕ್ಕೊಡ್ತೀನಿ, ಆಡಿ ನೋಡಿ. ಮತ್ತೆ ಗೆಲ್ತೀರಿ."

"ನಾನು ಗೆಲ್ಲೋ ಹಾಗೆ ಮಾಡ್ಕೊಡ್ತೀಯ" ಎಂದರು ಚಿಕ್ಕಮಾವ, ಮೆಲ್ಲಗೆ. "ಇರ್ಲಿ ಬಿಡಪ್ಪ. ನೀನೊಬ್ನಾದ್ರೂ ಇದ್ದದ್ದು ಇದ್ದ ಹಾಗೆ ಹೇಳ್ತೀಯ ಅನ್ಕೊಂಡಿದ್ದೆ."

ಗಂಡ ಆಣೆ ಮಾಡಿದರು. ಆಣೆ ಮಾಡಿದಷ್ಟೂ ಚಿಕ್ಕಮಾವ "ಆಯ್ತು, ಆಯ್ತು" ಎನ್ನುತ್ತ ಹೋದರು, ಹಟ ಹಿಡಿದ ಮಗುವನ್ನು ಸಮಾಧಾನ ಮಾಡುವವರಂತೆ. ಕೊನೆಗೆ ಎಡಗೈ ಚಾಚಿ ಅವರ ಮಂಡಿ ತಟ್ಟಿ, "ಕೆಲ್ಸಕ್ಕೆ ಹೊತ್ತಾಯ್ತು, ಹೊರಡು" ಎಂದರು. ಬಲಗೈಯನ್ನು ಆಮೇಲೆ ಬದುಕಿದಷ್ಟು ದಿನವೂ ಹೊದಿಕೆಯಿಂದ ಹೊರಗೆ ತೆಗೆಯಲಿಲ್ಲ.