ಕೋಳಿ ಜಾಗ ಮರೆಯುವ ಎಂಟು ದಿನ

ಕೋಳಿ ಎಂಬ ಶಬ್ದವನ್ನು ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಆಡುವಂತಿರಲಿಲ್ಲ. ಕೊರಳಲ್ಲಿ ಲಿಂಗ, ಹಣೆಯ ಮೇಲೆ ವಿಭೂತಿ, ಅಂಥ ಮನೆತನ. ಕಲ್ಲೋಳಿಯ ನನ್ನ ತವರೂ ಹಾಗೆಯೇ, ಘೋಡಗೇರಿಯ ಗಂಡನ ಮನೆಯೂ ಹಾಗೆಯೇ. ಆದರೂ ಕೋಳಿಗಳು ಸಂಜೆ ಹೇಗೆ ಏರಿ ಕೂರುತ್ತವೆ ಎಂದು ಯಾರಾದರೂ ಕೇಳಿದರೆ ಸಾಕಿದವರಿಗಿಂತ ಹೆಚ್ಚು ಹೇಳಬಲ್ಲೆ. ಒಂದು ವರ್ಷದ ಮೇಲೆ ದಿನಾ ಸಂಜೆ ಅದನ್ನೇ ನೋಡಿದ್ದೇನೆ. ನೋಡಲು ಬೇರೇನೂ ಇರಲಿಲ್ಲ.

ಗಂಡನ ಮನೆಗೆ ನಡೆಯಲು ಬಂದಾಗ ನನಗೆ ಹದಿನಾಲ್ಕೋ ಹದಿನೈದೋ. ಗಂಡ ಗೋಕಾಕದ ಒಂದು ಅರಿವೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಅಮಾವಾಸ್ಯೆಗೊಮ್ಮೆ ಬಂದು ಮರುದಿನವೇ ಹೊರಡುತ್ತಿದ್ದರು. ಮಾವ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಮನೆಯಲ್ಲಿ ಉಳಿದವರೆಂದರೆ ನಾನು, ಅತ್ತೆ, ಎರಡು ಎಮ್ಮೆ, ಒಂದು ಆಕಳು. ಅತ್ತೆಗೆ ಕಿವಿ ಮಂದ. ಪೂರಾ ಕಿವುಡಲ್ಲ, ಕೂಗಿದರೆ ಕೇಳುತ್ತಿತ್ತು. ಹೀಗಾಗಿ ನಮ್ಮ ಮನೆಯ ಮಾತು ಬೀದಿಗೆಲ್ಲ ಗೊತ್ತು. ಹಿಟ್ಟು ತೀರಿತು, ನೀರು ಕಾಯಿತು, ಎಮ್ಮೆ ಒದೆಯಿತು. ಒಲೆಯ ಮುಂದಿನಿಂದ ನಾನು ಕೂಗುವುದು, ಅಂಗಳದಿಂದ ಅವರು ತಲೆಯಾಡಿಸುವುದು. ಅವರು ಮಾತ್ರ ಬಲು ಮೆಲ್ಲಗೆ ಮಾತಾಡುವವರು. ಆದರೆ ಕೂಗಿ ಹೇಳಬಹುದಾದ ಮಾತು ಇಷ್ಟೇ ಅಲ್ಲವೇ? ಹೊಟ್ಟೆಯೊಳಗಿನದನ್ನು ಯಾರಾದರೂ ಕೂಗಿ ಹೇಳುತ್ತಾರೆಯೇ? ನಾನು ಎರಡು ವರ್ಷ ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ.

ನಮ್ಮ ಹಿತ್ತಲಿಗೆ ಹೊಂದಿ ಹತ್ತಿ ಹಿಂಜುವವರ ಮನೆಯಿತ್ತು. ಮುಸಲ್ಮಾನರು, ಗಂಡ ಹೆಂಡತಿ ಇಬ್ಬರೇ. ಮಗಳನ್ನು ಹುಕ್ಕೇರಿಗೆ ಕೊಟ್ಟಿದ್ದರು. ಆ ಹೆಂಗಸನ್ನು ಓಣಿಯೆಲ್ಲ ಚಾಚಿ ಎನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತಿದ್ದೆ. ಅವರಿಗೆ ಆರೇಳು ಕೋಳಿ. ಅವೆಲ್ಲ ರಾತ್ರಿ ಅವರ ಹಿತ್ತಲಿನ ಜಾಲಿಮರದ ಮೇಲೆ ಇರುತ್ತಿದ್ದವು. ಒಂದು ಬೇಸಿಗೆಯ ಮಧ್ಯಾಹ್ನ ಬಿರುಗಾಳಿ ಎದ್ದು ಆ ಮರ ಬುಡಸಹಿತ ಉರುಳಿತು, ನಡುವಿನ ಮಣ್ಣಿನ ಗೋಡೆಯನ್ನೂ ಒಂದು ಮಾರು ಕೆಡವಿತು. ಸಂಜೆಗೆ ಕೋಳಿಗಳು ಮರ ಇದ್ದ ಜಾಗದಲ್ಲಿ ಸುತ್ತಿದವು, ಕತ್ತೆತ್ತಿ ಎತ್ತಿ ನೋಡಿದವು. ಇದ್ದ ಮರ ಎಲ್ಲಿ ಹೋಯಿತೆಂದು ಅವಕ್ಕೆ ತಿಳಿಯಲಿಲ್ಲ. ಕೊನೆಗೆ ಗೋಡೆ ಬಿದ್ದ ಸಂದಿಯಿಂದ ಸಾಲಾಗಿ ನಮ್ಮ ದನದ ಕೊಟ್ಟಿಗೆಗೆ ಬಂದು ಜಂತಿ ಏರಿ ಕೂತವು.

ನಾನು ಗಾಬರಿಯಾಗಿ ಅತ್ತೆಯನ್ನು ಕೂಗಿದೆ. ಅವರು ಬಂದು ನೋಡಿ, ದನದ ಉಣ್ಣಿ ಹೆಕ್ಕಿ ತಿನ್ನುತ್ತವೆ, ಇರಲಿ ಬಿಡು ಎಂದರು. ಮಡಿವಂತೆಯೆಂದುಕೊಂಡಿದ್ದ ಅತ್ತೆ ಇಷ್ಟು ಹಗುರಾಗಿ ಒಪ್ಪಿದ್ದು ನನಗೆ ಆಶ್ಚರ್ಯ.

ಬೆಕ್ಕಿನ ಭಯಕ್ಕೆ ಚಾಚಿ ಅವನ್ನು ಅಲ್ಲೇ ಬಿಡುವಂತಿರಲಿಲ್ಲ. ಬುಟ್ಟಿ ಹಿಡಿದು ಬಂದರು. ಬಂದರೇನು, ಬೆಳಕಿರುವಾಗ ಕೋಳಿ ಕೈಗೆ ಸಿಗುವುದಿಲ್ಲ. ಕತ್ತಲಾದ ಮೇಲೆ ಅವಕ್ಕೆ ಕಣ್ಣು ಕಾಣುವುದಿಲ್ಲ, ಗಿಡದಿಂದ ಬದನೆಕಾಯಿ ಹರಿದಂತೆ ಒಂದೊಂದಾಗಿ ತೆಗೆದುಕೊಳ್ಳಬಹುದು. ಆದ್ದರಿಂದ ಕೋಳಿ ಏರಿದ ಮೇಲೆ ಕತ್ತಲಾಗುವ ತನಕ ಕಾಯಬೇಕು. ಕಾಯುವವರು ಸುಮ್ಮನೆ ಕೂರುತ್ತಾರೆಯೇ? ಚಾಚಿ ಬೋರಲು ಹಾಕಿದ ಬಾನಿಯ ಮೇಲೆ ಕೂತರು, ನಾನು ಮೇವಿನ ಹೊರೆಯ ಮೇಲೆ ಕೂತೆ. ಮರುದಿನ ಕೋಳಿ ಮತ್ತೆ ನಮ್ಮಲ್ಲಿಗೇ ಬಂದವು. ಒಮ್ಮೆ ತಾವಾಗಿ ಹಿಡಿದ ಜಾಗವನ್ನು ಅವು ಬಿಡುವುದಿಲ್ಲ. ಹಾಗೆ ಒಂದು ವರ್ಷದ ಮೇಲೆ ನಡೆಯಿತು.

ಹೊತ್ತು ಇಳಿಯುತ್ತಿದ್ದಂತೆ ಅವುಗಳ ಕೆರೆದಾಟ ನಿಲ್ಲುತ್ತಿತ್ತು. ಮೊದಲು ಬರುವವಳು ಮುದಿ ಕರಿಹೇಟೆ. ಜಂತಿಯ ಕೆಳಗೆ ನಿಂತು ತಲೆ ವಾರೆ ಮಾಡಿ ಒಂದೇ ಕಣ್ಣಿನಿಂದ ಮೇಲೆ ನೋಡುವಳು. ಮೈ ಕುಗ್ಗಿಸುವಳು, ಇನ್ನೇನು ಹಾರಿದಳು ಎನ್ನುವಾಗ ಮನಸ್ಸು ಬದಲಿಸುವಳು. ದಿನಾ ಹಾರುವ ಜಂತಿ, ದಿನಾ ಇದೇ ಅನುಮಾನ! ಆಮೇಲೆ ಮೇವು ಹಾಕುವ ಗ್ವಾದಲಿಯ ಅಂಚಿಗೆ, ಅಲ್ಲಿಂದ ಗೋಡೆಗೆ ಒರಗಿಸಿದ ನೊಗಕ್ಕೆ, ಅಲ್ಲಿಂದ ಜಂತಿಗೆ. ಗೋಡೆಯ ಕಡೆಯ ಬೆಚ್ಚನೆಯ ತುದಿ ಆಕೆಯದು. ಬೇರೆಯವರು ಅಲ್ಲಿ ಕೂತರೆ ಕುಕ್ಕಿ ಎಬ್ಬಿಸುವಳು. ಎಳೆಯವು ಸಾಲಿನ ಕೊನೆಯಲ್ಲಿ ಕೂರುವುದಿಲ್ಲ, ಅಕ್ಕಪಕ್ಕದವರ ರೆಕ್ಕೆಯ ಕೆಳಗೆ ತಲೆ ತೂರಿಸಿ ನಡುವೆ ನುಸುಳುತ್ತವೆ. ಅದಕ್ಕೊಂದು ಜಗಳ. ಜಗಳ ಮುಗಿದ ಮೇಲೆ ಗರಿ ಉಬ್ಬಿಸಿಕೊಂಡು, ಗಂಟಲಲ್ಲೇ ಗುರುಗುರು ಎನ್ನುತ್ತ ಒಂದಕ್ಕೊಂದು ಒತ್ತಿಕೊಂಡು ಕೂರುತ್ತವೆ. ಆ ಗುರುಗುರು ನಿಂತಿತೆಂದರೆ ಪೂರಾ ಕತ್ತಲಾಯಿತೆಂದು ಅರ್ಥ. ಹುಂಜ ಕಟ್ಟಕಡೆಗೆ ಏರುತ್ತಿತ್ತು. ಮನೆಗೆ ಅಮಾವಾಸ್ಯೆಗೊಮ್ಮೆ ಬರುವವರಿಗಿಂತ ವಾಸಿ ಎಂದು ನಾನು ಅದನ್ನು ನೋಡಿ ಅಂದಿದ್ದೆ. ಚಾಚಿ ಸೆರಗು ಬಾಯಿಗೆ ಹಿಡಿದು ನಕ್ಕಿದ್ದರು.

ಆ ಅರೆಗತ್ತಲಲ್ಲಿ ಒಬ್ಬರ ಮುಖ ಒಬ್ಬರಿಗೆ ಅಷ್ಟಾಗಿ ಕಾಣುತ್ತಿರಲಿಲ್ಲ. ಅದಕ್ಕೇ ಇರಬೇಕು, ಮಾತು ಸಲೀಸಾಗಿ ಬರುತ್ತಿತ್ತು. ನಾನು ಸಣ್ಣವಳಿದ್ದಾಗ ಪ್ಲೇಗಿನಲ್ಲಿ ನನ್ನ ಅವ್ವ ಸತ್ತಳು. ಆಕೆಯ ಮುಖ ನನಗೆ ನೆನಪಿಲ್ಲ. ತಲೆ ಬಾಚುವಾಗ ಕೂದಲು ಎಳೆಯುತ್ತಿದ್ದ ಕೈ ಮಾತ್ರ ನೆನಪಿದೆ. ಇದನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲ, ಚಾಚಿಗೆ ಹೇಳಿದೆ. ಅವರು ಸಮಾಧಾನದ ಮಾತೇನೂ ಆಡದೆ ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದರು. ಆ ದಿನ ಕೋಳಿಗಳನ್ನು ಇಳಿಸಲು ತಡವಾಯಿತು.

ಅತ್ತೆ ಆ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಮೊರ ಇಟ್ಟುಕೊಂಡು ಬೇಳೆ ಆರಿಸುತ್ತ ಕೂರುತ್ತಿದ್ದರು. ಕಲ್ಲು ಯಾವುದು, ಬೇಳೆ ಯಾವುದು ಎಂದು ತಿಳಿಯದಷ್ಟು ಮಬ್ಬಾದರೂ ಏಳುತ್ತಿರಲಿಲ್ಲ. ಸೊಸೆಯ ಮೇಲೆ ಕಾವಲು ಕೂತಿದ್ದಾರೆಂದು ನಾನು ಒಳಗೊಳಗೇ ಸಿಡಿಮಿಡಿಗೊಳ್ಳುತ್ತಿದ್ದೆ.

ಮರುವರ್ಷ ದೀಪಾವಳಿಯ ಹೊತ್ತಿಗೆ ಚಾಚಿಯ ಮಗಳು ಹುಕ್ಕೇರಿಯಿಂದ ಹೆರಿಗೆಗೆ ಬಂದಳು. ಚಾಚಿ ತಡಮಾಡತೊಡಗಿದರು. ಕತ್ತಲಾದ ಮೇಲೆ ದಡಬಡ ಬಂದು ಕೋಳಿ ಕಿತ್ತು ಬುಟ್ಟಿಗೆ ತುಂಬಿಕೊಂಡು, ಮಗಳು ಒಬ್ಬಳೇ ಇದ್ದಾಳೆ ಎಂದು ಹೊರಟುಬಿಡುತ್ತಿದ್ದರು. ಮೂರು ಸಂಜೆ ನಾನು ಮೇವಿನ ಹೊರೆಯ ಮೇಲೆ ಒಬ್ಬಳೇ ಕೂತೆ. ಆ ಅಮಾವಾಸ್ಯೆಗೆ ಗಂಡನೂ ಬಂದಿರಲಿಲ್ಲ. ನಾಲ್ಕನೆಯ ಸಂಜೆ ಚಾಚಿ ನಗುನಗುತ್ತ ಬಂದರು. ಮಗಳು ಏನೋ ಅಂದಿದ್ದಳಂತೆ, ಅದನ್ನು ಹೇಳಲು ಬಾಯಿ ತೆರೆದರು. ನನಗೆ ಎಲ್ಲಿಂದ ಬಂತೋ ಆ ಸಿಟ್ಟು.

"ನಿಮ್ಮ ಕೋಳಿ ನೀವು ಕೂಡಿ ಹಾಕ್ಕೋಳಾಕ ಆಗಂಗಿಲ್ಲೇನ್ರಿ? ದಿನಾ ನಿಮ್ಮ ಕೋಳಿ ಹಿಕ್ಕಿ ಬಳಿಯೂದ ನನ್ನ ಹಣೇಬರಾ ಏನು?" ಅಂದೆ.

ಹಿಕ್ಕೆಯ ಮಾತು ನೆಪ. ಅದನ್ನು ಒಂದು ದಿನವೂ ನಾನು ಬೇಸರದಿಂದ ಬಳಿದಿರಲಿಲ್ಲ. ತಾಯಿಯ ಹತ್ತಿರ ಬಂದ ಆ ಹುಡುಗಿಯನ್ನು ಕಂಡು ನನಗೆ ಹೊಟ್ಟೆಕಿಚ್ಚಾಗಿತ್ತು. ಹಾಗೆಂದು ಹೇಳಲು ಬಾಯಿ ಬರುತ್ತದೆಯೇ?

ಚಾಚಿ ಬುಟ್ಟಿ ಎತ್ತಿಕೊಂಡರು. "ಖರೆ ಐತಿ, ತಪ್ಪು ನಮ್ದ" ಎಂದು ಕೋಳಿಗಳನ್ನು ಒಂದೊಂದಾಗಿ ಇಳಿಸಿಕೊಂಡು ಹೋದರು.

ಮರುದಿನ ನಾನು ನೀರಿಗೆ ಹೋದಾಗ ಬಂದು ನಮ್ಮ ಕೊಟ್ಟಿಗೆ ಪೂರಾ ಬಳಿದು, ಬೂದಿ ಚೆಲ್ಲಿ ಹೋಗಿದ್ದರು. ಅದನ್ನು ನೋಡಿ ನನಗೆ ನೆಲವೇ ಬಾಯಿ ತೆರೆಯಬಾರದೇ ಎನ್ನಿಸಿತು. ಮಧ್ಯಾಹ್ನ ಅವರ ಗಂಡ ಕಲ್ಲು ಮಣ್ಣು ಕಲಸಿ ಗೂಡು ಕಟ್ಟಿದರು. ಹೊಸ ಜಾಗ ರೂಢಿಯಾಗಬೇಕೆಂದರೆ ಕೋಳಿಯನ್ನು ಎಂಟು ದಿನ ಹಗಲೂ ರಾತ್ರಿ ದೊಡ್ಡ ಬುಟ್ಟಿಯ ಕೆಳಗೆ ಕವುಚಿಡಬೇಕು. ಎಂಟು ದಿನದಲ್ಲಿ ಹಳೆಯದನ್ನು ಮರೆಯುತ್ತವೆ. ಇದನ್ನು ಹಿಂದೊಮ್ಮೆ ಚಾಚಿಯೇ ನನಗೆ ಹೇಳಿದ್ದರು. ಗೂಡಿನ ಮುಂದೆ ಬುಟ್ಟಿ ಬಿತ್ತು, ಮೇಲೊಂದು ಕಲ್ಲು ಹೇರಿದರು.

ನನಗೆ ಎಂಟು ದಿನವಿತ್ತು. ಅಷ್ಟರೊಳಗೆ ಹೋಗಿ ತಪ್ಪಾಯಿತು ಎಂದರೆ ಬುಟ್ಟಿ ಎತ್ತಿಯಾರು, ಕೋಳಿ ನಮ್ಮ ಜಂತಿಗೆ ಬಂದಾವು, ಚಾಚಿಯೂ ಬಂದಾರು. ಆದರೆ ಏನೆಂದು ಹೇಳುವುದು? ನಿಮ್ಮ ಕೋಳಿ ಬಂದು ನಮ್ಮ ಕೊಟ್ಟಿಗೆ ಹೊಲಸು ಮಾಡಲಿ ಎಂದು ಯಾರಾದರೂ ಕೇಳಿಕೊಳ್ಳುತ್ತಾರೆಯೇ? ಹೊಲ ಇದ್ದವರ ಮನೆಯ ಸೊಸೆ ಹತ್ತಿ ಹಿಂಜುವವರ ಮನೆಗೆ ಅತ್ತೆಯ ಅಪ್ಪಣೆ ಇಲ್ಲದೆ ಹೋಗುವಂತಿಲ್ಲ. ಅಪ್ಪಣೆ ಕೇಳಬೇಕೆಂದರೆ ಕಾರಣ ಹೇಳಬೇಕು, ಕಾರಣವನ್ನು ಓಣಿಗೆಲ್ಲ ಕೇಳುವಂತೆ ಕೂಗಬೇಕು. ಹೀಗೆ ಒಂದೊಂದೇ ನೆವ ಹುಡುಕುತ್ತ ಎಂಟು ದಿನ ಕಳೆದೆ. ಖರೆ ಹೇಳಬೇಕೆಂದರೆ ನನ್ನನ್ನು ತಡೆದದ್ದು ನನ್ನ ಸೊಕ್ಕು.

ಒಂಬತ್ತನೆಯ ಸಂಜೆ ಬುಟ್ಟಿ ಎತ್ತಿದರು. ನಾನು ಕೊಟ್ಟಿಗೆಯಲ್ಲಿ ನಿಂತು ನೋಡುತ್ತಿದ್ದೆ. ಕರಿಹೇಟೆ ಗೋಡೆ ಬಿದ್ದ ಸಂದಿಯ ತನಕ ಬಂತು. ಕಲ್ಲಿನ ಮೇಲೆ ನಿಂತು ತಲೆ ವಾರೆ ಮಾಡಿ ನಮ್ಮ ಜಂತಿಯನ್ನು ಒಂದೇ ಕಣ್ಣಿನಿಂದ ನೋಡಿತು. ಹಿಂದಿನಿಂದ ಚಾಚಿ ನುಚ್ಚು ಚೆಲ್ಲಿ ಕರೆದರು. ಅದು ತಿರುಗಿ ಹೋಯಿತು. ಎಲ್ಲವೂ ಗೂಡು ಹೊಕ್ಕವು, ಚಾಚಿ ಗೂಡಿನ ಬಾಯಿಗೆ ಕಲ್ಲು ಮುಚ್ಚಿದರು. ಆಗ ಅವರ ಕಣ್ಣಿಗೆ ನಾನು ಬಿದ್ದೆ. ಆರಾಮ ಇದ್ದೀರೇನ್ರಿ ಅಕ್ಕಾರ ಎಂದು ಕೇಳಿದರು, ಸಂತೆಯಲ್ಲಿ ಸಿಕ್ಕವರನ್ನು ಕೇಳುವ ಹಾಗೆ. ಅದುವರೆಗೆ ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ಆರಾಮ ಇದ್ದೇನೆ ಅಂದೆ.

ತಿರುಗಿದರೆ ಬಾಗಿಲಲ್ಲಿ ಅತ್ತೆ. ಮೊರ ಮುಂದೆಯೇ ಇತ್ತು.

"ಇನ್ನ ಬರಂಗಿಲ್ಲೇನು ಆಕಿ?" ಎಂದು ಮೆಲ್ಲಗೆ ಕೇಳಿದರು. ನಾನು ಇಲ್ಲವೆಂದು ತಲೆಯಾಡಿಸಿದೆ.

"ನೀವಿಬ್ರೂ ಮಾತಾಡೂದು ನೋಡಕೋಂತ ನನ್ನ ಸಂಜಿ ಹೋಗ್ತಿತ್ತವ್ವಾ. ತಲಿ ಅಲಗಾಡೂದು ಕಾಣ್ತಿತ್ತು, ಮಾತು ಕೇಳ್ತಿರಲಿಲ್ಲ. ಏನ ಮಾತಾಡ್ತಿದ್ರಿ?"

ನಾನು ಬಾಯಿ ತೆರೆದೆ. ಅವ್ವನ ಕೈ, ಜಡೆ, ಬಾರದ ಗಂಡ, ಏನೆಂದು ಕೂಗಲಿ? ಗೋಡೆಯಾಚೆ ಚಾಚಿ ಇನ್ನೂ ನಿಂತಿದ್ದರು.

"ಏನಿಲ್ರೀ ಅತ್ತಿ, ಕೋಳಿ ಸುದ್ದಿ" ಎಂದು ಕೂಗಿದೆ.

ಅತ್ತೆ ತಲೆಯಾಡಿಸಿ ಮೊರ ಎತ್ತಿಕೊಂಡು ಒಳಗೆ ಹೋದರು. ಮತ್ತೆ ಯಾವತ್ತೂ ಕೇಳಲಿಲ್ಲ. ಆಮೇಲೆ ಹನ್ನೊಂದು ವರ್ಷ ಬದುಕಿದ್ದರು. ಅಷ್ಟೂ ವರ್ಷ ನಾನು ಒಲೆಯ ಮುಂದಿನಿಂದಲೇ ಕೂಗಿದೆ. ತೀರಿಕೊಂಡ ದಿನ ನಮ್ಮ ಪದ್ಧತಿಯಂತೆ ಅವರನ್ನು ಗೋಡೆಗೆ ಒರಗಿಸಿ ಕೂಡಿಸಿದರು, ನನ್ನನ್ನು ಪಕ್ಕದಲ್ಲೇ ಕೂರಿಸಿದರು. ಅವರ ಕಿವಿ ನನ್ನ ಬಾಯಿಗೆ ಅಷ್ಟು ಹತ್ತಿರ ಅದಕ್ಕೆ ಮೊದಲು ಎಂದೂ ಬಂದಿರಲಿಲ್ಲ.